ಅಪ್ಪನ ಫೂಟಪಟ್ಟಿ

ಅಂಗಡಿಯಲ್ಲಿ ಸಿಗುವಂಥದಲ್ಲ ಅದು.
ಫೂಟಿಗೊಂದು ನೂಲು ಉದ್ದ.
ಕರಗಿದ ಬೀಡು ಆರುತ್ತ ಕುಗ್ಗುತ್ತದೆ,
ಸಾಗವಾನಿಯ ಅಚ್ಚಿನಲ್ಲೇ ಅದಕ್ಕೆ ಜಾಗ ಬಿಟ್ಟಿರಬೇಕು.
ಉದ್ಯಮಬಾಗದ ಪ್ಯಾಟರ್ನ್ ಬಡಿಗ ಕಾಳಪ್ಪ, ನಮ್ಮಪ್ಪ, ಅನ್ನುತ್ತಿದ್ದ:
"ಸಿಟ್ಟು ಇಳದ ಮ್ಯಾಲ ಕಬ್ಬಣಾನೂ ಸಣ್ಣ ಆಗತೈತಿ, ಸರೂ."

ಅದೇ ಪಟ್ಟಿ ಹಿಡಿದು
ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ನನ್ನನ್ನು ಅಳೆದ.
ಸಾಲಿಯ ರಜಿಸ್ಟರಿನಲ್ಲಿ ನಾಲ್ಕು ಫೂಟು;
ಮನೆಯಲ್ಲಿ ಅರ್ಧ ಇಂಚು ಗಿಡ್ಡ.
ಅತ್ತೆ. ಅವ್ವ ಹಿಟ್ಟಿನ ಕೈಯಲ್ಲೇ ನಕ್ಕಳು.

ಈಗ ಅದೇ ಓಣಿಯ ಮೂರನೇ ಶೆಡ್ಡು, ಎ.ಸಿ. ಕೋಣೆ.
ಪರದೆಯ ಮೇಲೆ ಪಂಪಿನ ಹೊಟ್ಟೆ ತಿರುಗಿಸಿ ನೋಡುತ್ತೇನೆ.
ಪುಟ್ಟ ಚೌಕವೊಂದು ಕೇಳುತ್ತದೆ, ಎಷ್ಟು ಕುಗ್ಗೀತು?
ಒಂದು, ಎಂದು ಒತ್ತುತ್ತೇನೆ.
ಆಚೆ ಯಂತ್ರ ರಾತ್ರಿಯಿಡೀ ಥರ್ಮಕೋಲು ಕೊರೆಯುತ್ತದೆ,
ಬಿಳಿ ಪುಡಿ, ವಾಸನೆಯಿಲ್ಲದ್ದು.

ಒಂದು ದಿನ ನೋಡಲು ಬಂದ. ಏನನ್ನೂ ಮುಟ್ಟಲಿಲ್ಲ.
"ಇದಕ್ಕ ಯಾರು ಕಲಿಸಿದ್ರು?"
"ಏನಪಾ?"
"ಕುಗ್ಗೂದು."

ಗೇಟಿನವರೆಗೆ ಬಿಟ್ಟು ಬಂದೆ.
ಕೈಚೀಲದಿಂದ ಪಟ್ಟಿ ಇಣುಕುತ್ತಿತ್ತು,
ಹಿತ್ತಾಳೆಯ ತುದಿ ಸವೆದು ಸವೆದು
ಈಗದು ಅಂಗಡಿಯ ಪಟ್ಟಿಯಷ್ಟೇ ಇತ್ತೇನೋ.