ಅರ್ಧ ಪಾಲು

ಜೂನ್ ಒಂದರಿಂದ ಅರವತ್ತೊಂದು ದಿನ
ಬೈತಖೋಲಿನ ಬೋಟುಗಳಿಗೆ ಕೆಲಸವಿಲ್ಲ.
ಟಾರ್ಪಾಲು ಹೊದ್ದು, ಒಂದಕ್ಕೊಂದು ಹಗ್ಗ ಬಿಗಿದುಕೊಂಡು
ಬಂದರಿನಲ್ಲಿ ಮೈ ಉಜ್ಜುತ್ತ ನಿಂತಿವೆ.
ನಾನು ಭಂಡಾರಿ, ಅಂದರೆ ಬೋಟಿನ ಅಡುಗೆಯವ.
ಹನ್ನೊಂದು ಜನಕ್ಕೆ ಗಂಜಿ, ಬಂಗಡೆ ಸಾರು.
ಬಲೆ ಎಳೆಯುವಾಗ ನನ್ನನ್ನು ಕರೆಯುವುದಿಲ್ಲ.
ಕರೆಯದವನಿಗೆ ಅರ್ಧ ಪಾಲು.

ಬಲೆ ಹೊಲಿಯುವ ಶೆಡ್ಡಿನಲ್ಲಿರುವುದು ಒಂದೇ ಪ್ಲಗ್ಗು.
ಅದರ ಬುಡದಲ್ಲಿ ನಾನು, ಗಾಜು ಒಡೆದ ಫೋನು,
ಫೋನಿನೊಳಗೆ ನನ್ನ ತಂಡ:
ಕತ್ತಿಯವನು ಮೂವತ್ತೆರಡನೇ ಲೆವೆಲ್ಲು,
ಬಿಲ್ಲಿನವಳು ಮೂವತ್ತು,
ಬೆಂಕಿ ಉಗುಳುವ ಮುದುಕ ಮೂವತ್ತೊಂದು,
ಗಾಯಕ್ಕೆ ಮದ್ದು ಹಾಕುವ ಹುಡುಗಿಯೊಬ್ಬಳು,
ಒಂಬತ್ತು.

ಕಾದಾಡಲು ಮೂವರು ಸಾಕು.
ಮದ್ದಿನ ಬಾಟಲಿ ಅಂಗಡಿಯಲ್ಲೇ ಸಿಗುವಾಗ
ಮದ್ದಿನವಳು ಯಾಕೆ ಎಂದು
ಮೊದಲ ಊರಿನಿಂದಲೇ ಅವಳನ್ನು ಹಿಂದೆ ನಿಲ್ಲಿಸಿದ್ದೆ.
ಹೆಸರಿಡು ಎಂದು ಆಟ ಕೇಳಿದಾಗಲೂ
ಏನೂ ಹೊಳೆಯದೆ ಒಂದೇ ಅಕ್ಷರ ಒತ್ತಿದ್ದೆ:
ಕಕಕ.

ಉಪ್ಪಿನ ಕೋಟೆಯ ಬಾಗಿಲಲ್ಲಿ
ಸತ್ತು ಸಾವಿರ ವರ್ಷವಾದ ರಾಜ
ಊದಿದ್ದೇ ಊದಿದ್ದು, ನನ್ನ ಮೂವರೂ ಉಪ್ಪುಗಲ್ಲು.
ಉಳಿದವಳು ಕಕಕ.
ಕೋಲೆತ್ತಿ ಹೊಡೆದಳು. ಅವನು ತಿರುಗಿ ಒಂದೇಟು ಕೊಟ್ಟ. ಮುಗಿಯಿತು.
ಎಂಟು ಸಲ ಹೀಗೇ.

ಮತ್ತೆ ಮೊದಲ ಊರಿನ ಕೆಸರುಗದ್ದೆ. ಕಪ್ಪೆಗಳು.
ಒಂದು ಕಪ್ಪೆಗೆ ಮೂರು ಅಂಕ,
ಒಂದು ಲೆವೆಲ್ಲಿಗೆ ಆರುನೂರು.

‘ಅರೆಯೋದು ದಡ್ಡರ ಕೆಲಸ ರೇ’ ಎಂದ
ಇಂಜಿನ್ನಿನ ಚೂಡಾಮಣಿ, ಬೀಡಿ ಕಚ್ಚಿ.
‘ಯಾವುದಕ್ಕೆ ಯಾವುದು ಆಗೋದಿಲ್ಲ ಅಂತ ನೋಡು.
ಗೊತ್ತಿದ್ದವ ಹತ್ತನೇ ಲೆವೆಲ್ಲಿಗೇ ಗೆಲ್ತಾನೆ.’
ಬಲೆ ಹೊಲಿಯುತ್ತಿದ್ದ ದೇವು ಖಾರ್ವಿ
ಸೂಜಿ ನಿಲ್ಲಿಸಿ ಕೇಳಿದ:
‘ಒಂದೇ ಕಪ್ಪೆಗೆ ಎಷ್ಟು ಸಲ ಹೊಡೀತೀಯೋ?’
‘ಇನ್ನೂರು.’
‘ಸಾಯೋದಿಲ್ಲವಾ?’
‘ಸಾಯ್ತದೆ. ಮತ್ತೆ ಬರ್ತದೆ.’
‘ಹಾಗಾದರೆ ತೂತಿನ ಜಾತಿ’ ಎಂದು
ಮತ್ತೆ ಬಲೆಗೆ ಬಗ್ಗಿದ.

ಐದು ರಾತ್ರಿ.
ದೇವಗಡದ ದೀಪ ಬರುವುದು, ಹೋಗುವುದು,
ತಗಡಿನ ಮೇಲೆ ಮಳೆಯ ಗದ್ದಲ,
ಹೆಬ್ಬೆರಳಿನ ಚರ್ಮ ಸುಲಿದು ಗಾಜಿನ ಬಿರುಕಿನಲ್ಲಿ
ಕೆಂಪು ಗೆರೆ.
ಹತ್ತು. ಹನ್ನೊಂದು. ನಿದ್ದೆ. ಹನ್ನೆರಡು.
ಹದಿನಾಲ್ಕಕ್ಕೆ ಸಾಕೆನ್ನಿಸಿ ಕೋಟೆಗೆ ಹೊರಟೆ.

ಕೋಲೆತ್ತಿ ಹೊಡೆದಳು. ಅವನು ತಿರುಗಿ ಹೊಡೆದ.
ಬಿದ್ದಳು, ಮೊಣಕಾಲಿನ ಮೇಲೆ ಎದ್ದಳು.
ಅಯ್ಯೋ, ಇವಳಿಗೆ ಮದ್ದು ಎಂದು ಒತ್ತುವಾಗ
ಬಿರುಕಿನಲ್ಲಿ ಬೆರಳು ಜಾರಿತು.
ಮದ್ದು ರಾಜನ ಮೇಲೆ ಬಿತ್ತು.
ಸತ್ತವನಿಗೆ ಮದ್ದು ಉರಿಯುತ್ತದಂತೆ.
ಒಂದೇ ಹನಿ. ಕಿರೀಟ ಮಾತ್ರ ಉಳಿಯಿತು.

ಚೂಡಾ ನಕ್ಕಿದ್ದೇ ನಕ್ಕಿದ್ದು.
‘ಒಂಬತ್ತಕ್ಕೇ ಆಗ್ತಿತ್ತಲ್ಲೋ!
ಸಾವಿರ ಕಪ್ಪೆಯ ಶಾಪ ಕಟ್ಟಿಕೊಂಡೆ!’

ಆಗುತ್ತಿತ್ತು, ಹೌದು.
ಆದರೆ ಒಂಬತ್ತರಲ್ಲಿ ಅವಳಿಗೆ ಗಾಯವೇ ಆಗುತ್ತಿರಲಿಲ್ಲ.
ಬದುಕಿದ್ದರೆ ಪೂರ್ತಿ, ಇಲ್ಲವಾದರೆ ಹೆಣ.
ಗಾಯವಾಗದೆ ನಾನು ಮದ್ದು ಒತ್ತುವುದೆಲ್ಲಿ,
ಒತ್ತದೆ ಬೆರಳು ಜಾರುವುದೆಲ್ಲಿ?
ಒಂದು ತಪ್ಪು ಮಾಡುವಷ್ಟು ಹೊತ್ತು ನಿಲ್ಲಲಿಕ್ಕೆ
ಹದಿನಾಲ್ಕು ಬೇಕಿತ್ತು.
ಇದನ್ನು ಚೂಡಾನಿಗೆ ಹೇಳಲಿಲ್ಲ. ಅವನು
ಡೀಸೆಲ್ ಪೈಪು ಬಿಚ್ಚಲು ಹೋಗಿಯಾಗಿತ್ತು.

ನಿನ್ನೆ ತಾಂಡೇಲ ಬಂದ.
‘ಮುಂದಿನ ವಾರ ಹೊರಡೋದು. ಅಕ್ಕಿ ಎಷ್ಟು ಬೇಕು?’
ನಲವತ್ತು ಕಿಲೋ ಎಂದೆ.
ಇನ್ನೊಂದು ಮಾತು ಬಾಯಿತನಕ ಬಂದಿತ್ತು.
ಮೆಣಸು ಎರಡು ಕಿಲೋ ಎಂದೆ.

ರಾತ್ರಿ ಸುಮ್ಮನೆ ಆ ಗದ್ದೆಗೆ ಹೋದೆ.
ಕಕಕಳನ್ನು ಕಂಡರೆ ಈಗ ಕಪ್ಪೆಗಳು ಓಡುತ್ತವೆ.
ಮೂಲೆಯಲ್ಲೊಂದು ಇದೆ, ಮೊದಲಿನಿಂದಲೂ
ಮೈಮೇಲೆ ಬಂದದ್ದಿಲ್ಲ, ಓಡುವುದೂ ಇಲ್ಲ.
ಐದು ರಾತ್ರಿಯೂ ಅದನ್ನು ಬಳಸಿಕೊಂಡೇ ಹೋಗಿದ್ದೆ.
ಎಷ್ಟು ಅಂಕ ಸಿಗುತ್ತಿತ್ತೋ ಗೊತ್ತಿಲ್ಲ.
ಅದರ ಪಕ್ಕದಲ್ಲಿ ಅವಳನ್ನು ನಿಲ್ಲಿಸಿ
ಚಾರ್ಜು ಮುಗಿಯುವವರೆಗೂ ನೋಡಿದೆ.