ಎಡಗೈ ಬೆಳಕು

ಸ್ಟಾಕ್‌ಹೋಮ್. ನವೆಂಬರ್. ಮೂರು ಗಂಟೆಗೇ ಕತ್ತಲು.
ತೂವಾ ಲಿಂಡ್‌ಮಾರ್ಕ್ ಕೋಣೆಯ ದೀಪವನ್ನೂ ಆರಿಸಿ
ಎರಡು ಸೀಸೆ ಹಿಡಿದಿದ್ದಾಳೆ ಅತಿನೇರಳೆಯ ಕೆಳಗೆ.
ಎರಡರಲ್ಲೂ ಟರ್ಬಿಯಂ. ಎರಡೂ ಒಂದೇ ಹಸಿರು,
ರಸ್ತೆ ದಾಟಿ ಎನ್ನುವ ಹಸಿರು.

ತೂಕ ಒಂದೇ, ಕರಗುವ ಶಾಖ ಒಂದೇ.
ಇದರಲ್ಲಿ ಮೂರು ಎಳೆಗಳು ಲೋಹವನ್ನು
ಬಲಕ್ಕೆ ಸುತ್ತಿವೆ, ಅದರಲ್ಲಿ ಎಡಕ್ಕೆ,
ಜಡೆ ಹೆಣೆಯುವವಳು ಕೈ ಬದಲಿಸಿದಂತೆ.
ಅಲ್ಲಿಂದ ಹೊರಟ ಬೆಳಕೂ
ತಿರುಪಿನ ಹಾಗೆ ತಿರುಗುತ್ತಲೇ ಬರುತ್ತದೆ.
ಕಣ್ಣಿಗೇನು ಗೊತ್ತು?
ಕಣ್ಣು ಹಸಿರನ್ನಷ್ಟೇ ಓದುತ್ತದೆ,
ಕೈಬರಹವನ್ನಲ್ಲ.

ಈ ಲೋಹಕ್ಕೆ ಹೆಸರು ಕೊಟ್ಟ ಇಟರ್ಬಿ ಗಣಿಯ ಬಳಿ
ಅಜ್ಜಿ ಯೊರ್ದಿಸ್‌ಳ ಶಾಲೆ.
ಮೇಷ್ಟ್ರು ಅವಳ ಎಡಗೈಯನ್ನು
ಬೆಂಚಿಗೆ ಕಟ್ಟಿದರು, ಉಣ್ಣೆಯ ದಾರದಲ್ಲಿ.
ಎಪ್ಪತ್ತು ವರ್ಷ ಬಲಗೈಯಲ್ಲೇ ಬರೆದಳು, ದುಂಡಗೆ.
ಹಿಟ್ಟು ಕಲಸುವಾಗ ಮಾತ್ರ,
ಯಾರೂ ನೋಡುತ್ತಿಲ್ಲವೆಂದುಕೊಂಡಾಗ,
ಸೌಟು ಎಡಗೈಗೆ ದಾಟುತ್ತಿತ್ತು.

ಯಂತ್ರ ಎಡವನ್ನೂ ಬಲವನ್ನೂ ಬೇರೆ ಬೇರೆ ಎಣಿಸಿ
ಒಂದರಲ್ಲೊಂದು ಕಳೆಯುತ್ತದೆ.
ಉಳಿಯುವುದು ನೂರಕ್ಕೆ ಏಳು.
ಪರದೆಯ ಮೇಲೆ ಒಂದು ಗೆರೆ ಏರಿದಲ್ಲೆಲ್ಲ
ಇನ್ನೊಂದು ಇಳಿದಿದೆ,
ಕೊಳದಲ್ಲಿ ತಲೆಕೆಳಗಾದ ಗುಡ್ಡ.
ಎರಡನ್ನೂ ಸಮಕ್ಕೆ ಬೆರೆಸಿದರೆ ಸೊನ್ನೆ:
ಹಸಿರು ಇರುತ್ತದೆ,
ಸುದ್ದಿ ಇರುವುದಿಲ್ಲ.

ತೂವಾ ಸೀಸೆಗೆ ಚೀಟಿ ಬರೆಯುತ್ತಾಳೆ: ಎಡ.
ಶಾಯಿ ಆರುವ ಮೊದಲೇ
ಅಂಗೈಯ ಅಂಚು ಅದರ ಮೇಲೆ ಹಾದು
ಅರ್ಧ ಅಳಿಸಿದೆ.
ಇನ್ನೊಂದು ಚೀಟಿ ತೆಗೆಯುತ್ತಾಳೆ,
ಅದೇ ಕೈಯಲ್ಲಿ.