ದವಡೆ ಹಲ್ಲು

ಬೆಂದೂರ್‌ವೆಲ್‌ನ ಹಲ್ಲಿನ ಡಾಕ್ಟ್ರು ಹೇಳಿದರು:
"ಮಗನಿಗೆ ಹೇಳಿ, ಐಸ್‌ಕ್ರೀಮ್ ತರಲಿ."
ಬಾಯಿ ತುಂಬ ಹತ್ತಿ. ನಾನು ತಿದ್ದಲಿಲ್ಲ.
ನೀನೂ ತಿದ್ದಲಿಲ್ಲ ಯತೀಶ,
ಹೋದೆ, ತಂದೆ,
ಒಂದೇ ಕಪ್, ಎರಡು ಚಮಚ.
ಕೌಂಟರಿನ ಹುಡುಗಿ ಒಮ್ಮೆ ನೋಡಿ
ಬಿಲ್ಲಿನೊಳಗೆ ಮುಖ ಹುದುಗಿಸಿದಳು.

ನನ್ನ ಮೊದಲ ಮದುವೆಯ ರೋಸಿನ ಸಂಜೆ
ನೆತ್ತಿಯಿಂದ ತೆಂಗಿನ ಹಾಲು ಇಳಿಯುತ್ತಿದ್ದಾಗ
ನೀನು ಬೋಳೂರಿನಲ್ಲೆಲ್ಲೋ ಕೂತು
ಹಾಲುಹಲ್ಲನ್ನು ನಾಲಗೆಯಿಂದ ಅಲ್ಲಾಡಿಸುತ್ತಿದ್ದೆ.
ಈ ಲೆಕ್ಕ ನನಗೊಂದು ಚಟ.
ನನಗೆ ಎಪ್ಪತ್ತಾದಾಗ ನಿನಗೆ...
"ಸಾಕು ಫ್ಲೋಸಿ" ಅನ್ನುತ್ತೀ,
ಬೋಟಿನ ಇಂಜಿನ್ ಎಣ್ಣೆ ಪ್ಯಾಂಟಿಗೆ ಒರೆಸುತ್ತ.

ಇವತ್ತು ನೀನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದದ್ದು
ನನ್ನ ಹುಳುಕು ಹಲ್ಲನ್ನು.
ಅಂಗಳದಲ್ಲಿ ನಿಂತು, ಕಣ್ಣು ಮುಚ್ಚಿ,
ಮಾಡಿನ ಮೇಲೆ ಎಸೆದೆ.
"ಇನ್ನು ಹುಟ್ಟಲಿಕ್ಕುಂಟಾ ಮಾರಾಯ?" ಅಂದೆ ನಾನು.
ಮರಗಟ್ಟಿದ ತುಟಿಯಲ್ಲಿ ಅದು ಬೇರೇನೋ ಆಯಿತು.

ಹಂಚಿನ ಮೇಲೆ ಟಕಟಕ ಉರುಳಿ
ವಾಪಸು ಬಿತ್ತು, ಎಲ್ಲೋ ಹುಲ್ಲಿನಲ್ಲಿ.
ಆಚೆಮನೆ ಸೆವ್ರಿನ್ ಬಾಯಿಯ ಕಿಟಕಿ ತೆರೆಯಿತು.
ನೀನು ಮೊಬೈಲಿನ ಟಾರ್ಚು ಹಿಡಿದು
ಮೊಣಕಾಲೂರಿ
ಇನ್ನೂ ಹುಡುಕುತ್ತಲೇ ಇದ್ದೆ.